ಎಸಿಗೆ ಗ್ಯಾಸ್ ತುಂಬಿಸೋ ಮುಂಚೆ ಒಂದು ಥರ್ಮಾಮೀಟರ್ ತಗೊಳ್ಳಿ

ಏಪ್ರಿಲ್ ಬಂತು ಅಂದ್ರೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ವಾಯ್ಸ್ ನೋಟ್‌ಗಳು ಶುರುವಾಗುತ್ತವೆ. "ಎಸಿ ಓಡ್ತಿದೆ, ಗಾಳಿನೂ ಬರ್ತಿದೆ, ಆದ್ರೆ ರೂಮು ತಣ್ಣಗಾಗ್ತಿಲ್ಲ. ಮೆಕ್ಯಾನಿಕ್ ಬಂದು ಗ್ಯಾಸ್ ಹೋಗಿದೆ ಅಂದ್ರು. ಹಾಕಿಸ್ಲಾ?" ಕಲಬುರಗಿಯಿಂದ, ಬಳ್ಳಾರಿಯಿಂದ, ಮಂಗಳೂರಿನಿಂದ, ಈಗೀಗ ಬೆಂಗಳೂರಿನಿಂದಲೂ. ಹಾಗಾಗಿ ಈ ಕಂತು ಪೂರ್ತಿ ಇದೊಂದೇ ಪ್ರಶ್ನೆಗೆ.

ಉತ್ತರ ಮೊದಲೇ ಹೇಳಿಬಿಡ್ತೀನಿ, ಸ್ಟಾಪ್ ಬಂತು ಅಂತ ಮಧ್ಯದಲ್ಲಿ ಇಳಿಯೋರಿಗೆ ಅನುಕೂಲ ಆಗ್ಲಿ. ಎಸಿಯ ಗ್ಯಾಸ್ ಪೆಟ್ರೋಲ್ ಅಲ್ಲ. ಓಡಿದಷ್ಟೂ ಖರ್ಚಾಗಲ್ಲ. ಸೀಲ್ ಮಾಡಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಾ ಇರುತ್ತೆ. ಅದು ಕಡಿಮೆ ಆಗಿದೆ ಅಂದ್ರೆ ಎಲ್ಲೋ ಒಂದು ತೂತು ಇದೆ ಅಂತ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸೋದು ಒಡೆದ ಬಿಂದಿಗೆಗೆ ನೀರು ಹೊಯ್ದ ಹಾಗೆ. ತೂತೇ ಇಲ್ಲದಿದ್ರೆ? ಆಗ ತುಂಬಿಸಿದ್ದು ಉಪಕಾರ ಮಾಡಲ್ಲ, ಅಪಕಾರ ಮಾಡುತ್ತೆ. ಅದಕ್ಕೊಂದು ಕಥೆ ಇದೆ, ಬರ್ತೀನಿ.

ನಾನು ಓದಿದ್ದು ಬಿಕಾಂ, ಎಂಜಿನಿಯರಿಂಗ್ ಅಲ್ಲ. ಆದರೆ ಎಸಿ ಅರ್ಥ ಮಾಡ್ಕೊಳ್ಳೋಕೆ ಜಮಾ-ಖರ್ಚು ಗೊತ್ತಿದ್ರೆ ಸಾಕು. ಎಸಿ ತಂಪನ್ನು ತಯಾರಿಸಲ್ಲ. ರೂಮಿನೊಳಗಿನ ಬಿಸಿಯನ್ನು ಎತ್ತಿಕೊಂಡು ಹೋಗಿ ಹೊರಗೆ ಸುರಿಯುತ್ತೆ. ಅದಕ್ಕೇ ಈ ಯಂತ್ರದ ಅಸಲಿ ಹೆಸರು ಹೀಟ್ ಪಂಪ್. ಬೋರ್‌ವೆಲ್ ಪಂಪು ನೀರೆತ್ತುವ ಹಾಗೆ ಇದು ಬಿಸಿ ಎತ್ತುತ್ತೆ. ಚಳಿ ಜಾಸ್ತಿ ಇರೋ ಉತ್ತರ ಭಾರತದ ಕಡೆ 'ಹಾಟ್ ಅಂಡ್ ಕೋಲ್ಡ್' ಅಂತ ಮಾರ್ತಾರಲ್ಲ, ಅದರಲ್ಲಿ ಒಂದು ವಾಲ್ವ್ ತಿರುಗಿದರೆ ಇದೇ ಪಂಪು ಹೊರಗಿನ ಬಿಸಿಯನ್ನು ಒಳಗೆ ತರುತ್ತೆ. ನಮ್ಮ ಮನೆಗಳಲ್ಲಿರೋದು ಹೆಚ್ಚಾಗಿ ಒಂದೇ ದಿಕ್ಕಿನ ಪಂಪು.

ಈಗ ಲೆಕ್ಕ. 'ಟನ್' ಅನ್ನೋದು ಐಸ್ ಕಾಲದ ಪದ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಳೆದುಕೊಳ್ಳುವಷ್ಟು ಬಿಸಿ. ಇವತ್ತಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ನಿಮ್ಮ ಒಂದೂವರೆ ಟನ್ ಎಸಿ ಪೂರ್ತಿ ದಮ್ಮಿನಲ್ಲಿ ಓಡಿದರೆ ರೂಮಿನಿಂದ 5.2 ಕಿಲೋವ್ಯಾಟ್‌ನಷ್ಟು ಬಿಸಿ ಎತ್ತುತ್ತೆ. ಅದಕ್ಕೆ ಕಂಪ್ರೆಸರ್ ತಿನ್ನೋ ಕರೆಂಟು ಸುಮಾರು 1.5 ಕಿಲೋವ್ಯಾಟ್. ಆ ಕರೆಂಟೂ ಕೊನೆಗೆ ಬಿಸಿಯೇ ಆಗುತ್ತೆ. ಎರಡೂ ಸೇರಿ 6.7. ಅಂದ್ರೆ 2,000 ವ್ಯಾಟಿನ ಮೂರು ಗೀಸರ್‌ಗಿಂತ ಜಾಸ್ತಿ ಬಿಸಿ ಆ ಹೊರಗಿನ ಡಬ್ಬದಿಂದ ಹೊತ್ತು ಹೊತ್ತಿಗೂ ಹೊರಗೆ ಬೀಳ್ತಾ ಇರಬೇಕು. ಬೀಳೋಕೆ ಜಾಗ ಇಲ್ಲದಿದ್ರೆ ಒಳಗಿಂದ ಎತ್ತೋದೂ ನಿಲ್ಲುತ್ತೆ. ಎಸಿ ಸರಿ ಇಲ್ಲ ಅಂದಾಗ ನಾವೆಲ್ಲ ರೂಮಿನೊಳಗಿನ ಬಿಳಿ ಡಬ್ಬ ನೋಡ್ತೀವಿ. ಬೇಸಿಗೆಯಲ್ಲಿ ಸೋಲೋದು ಹೆಚ್ಚಾಗಿ ಹೊರಗಿನದು.

ಸರಿ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಅಡುಗೆಗೋ ಫಿಶ್ ಟ್ಯಾಂಕಿಗೋ ಬಳಸೋ ಡಿಜಿಟಲ್ ಥರ್ಮಾಮೀಟರ್ ಒಂದು ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತೆ. ಎಸಿಯನ್ನ ಕೂಲ್ ಮೋಡಿನಲ್ಲಿ 18ಕ್ಕೆ ಇಟ್ಟು, ಫ್ಯಾನ್ ಹೈ ಮಾಡಿ, ಕಿಟಕಿ ಬಾಗಿಲು ಹಾಕಿ 20 ನಿಮಿಷ ಬಿಡಿ. ಆಮೇಲೆ ಎರಡು ಕಡೆ ಅಳೆಯಿರಿ: ಎಸಿ ಗಾಳಿ ಒಳಗೆಳೆದುಕೊಳ್ಳೋ ಮೇಲ್ಭಾಗದಲ್ಲಿ ಒಮ್ಮೆ, ತಣ್ಣನೆ ಗಾಳಿ ಬರೋ ಬಾಯಲ್ಲಿ ಒಮ್ಮೆ. ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಯಂತ್ರ ತನ್ನ ಕೆಲಸ ಮಾಡ್ತಿದೆ. 4 ಅಥವಾ 5 ಮಾತ್ರ ಬಂದರೆ ಯಂತ್ರದಲ್ಲೋ ಅದರ ಸುತ್ತಮುತ್ತಲೋ ಏನೋ ಇದೆ. ಮಂಗಳೂರು ಉಡುಪಿಯವರು ಕೆಳಗಿನ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಅಲ್ಲಿ ಎಸಿಯ ಶಕ್ತಿಯ ಒಳ್ಳೆ ಪಾಲು ಗಾಳಿಯ ತೇವ ಹಿಂಡೋಕೆ ಹೋಗುತ್ತೆ. ಡ್ರೈನ್ ಪೈಪಿನಿಂದ ನೀರು ಚೆನ್ನಾಗಿ ಬೀಳ್ತಿದ್ದರೆ ಅದೂ ಕೆಲಸದ ಲೆಕ್ಕವೇ.

ಇನ್ನೊಂದು ಮಾತು. ಇನ್ವರ್ಟರ್ ಎಸಿ ರೂಮು ತಣ್ಣಗಾದ ಮೇಲೆ ತಾನೇ ನಿಧಾನ ಆಗುತ್ತೆ, ಆಗ ವ್ಯತ್ಯಾಸ ಕಡಿಮೆ ಕಾಣೋದು ಸಹಜ. ಅದಕ್ಕೇ 18ಕ್ಕೆ ಇಟ್ಟು ಅಳೆಯಿರಿ ಅಂದಿದ್ದು. ಅಳತೆ ಮುಗಿದ ಮೇಲೆ 24-25ಕ್ಕೆ ತನ್ನಿ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಲೇಬಲ್ ಇರೋ ರೂಮ್ ಎಸಿಗಳೆಲ್ಲ ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಅನ್ನೋ ನಿಯಮ ಇದೆ. 16ಕ್ಕೆ ಇಟ್ಟರೆ ಯಂತ್ರಕ್ಕೆ ಹೊಸ ಬಲ ಬರಲ್ಲ. ಅದು ನಿಲ್ಲದೆ ಓಡುತ್ತೆ, ಅಷ್ಟೇ.

ಈಗ ಆ ಕಥೆ. ಕಲಬುರಗಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಮೇಲಿನ ಮಹಡಿ, ಒಂದೂವರೆ ಟನ್ ಇನ್ವರ್ಟರ್. ದೊಡ್ಡಮ್ಮನಿಗೆ ವಯಸ್ಸು 68, ಬಿಪಿ ಮಾತ್ರೆ ನಡೀತಿದೆ. ಕಲಬುರಗಿಯ ಮೇ ತಿಂಗಳು ಗೊತ್ತಿರೋರಿಗೆ ಹೇಳಬೇಕಾಗಿಲ್ಲ, 42-43 ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ. ಹಗಲು ಹೇಗೋ ಕಳೀಬಹುದು, ರಾತ್ರಿ ರೂಮು ತಣ್ಣಗಾಗದೆ ನಿದ್ದೆ ಇಲ್ಲದೆ ನಾಲ್ಕು ದಿನ ಕಳೆದರೆ ಆ ವಯಸ್ಸಿಗೆ ಅದು ಆಸ್ಪತ್ರೆ ದಾರಿ. ಹಾಗಾಗಿ ಅಲ್ಲಿ ಎಸಿ ಶೋಕಿ ಅಲ್ಲ. ಮೂರು ಬೇಸಿಗೆ ಸತತವಾಗಿ ಮೆಕ್ಯಾನಿಕ್ ಬಂದು ಗ್ಯಾಸ್ ಹಾಕಿ ಹೋಗಿದ್ದರು. ಸಲಕ್ಕೆ 2,500 ರೂಪಾಯಿ. ಹಾಕಿದ ಮೇಲೆ ಮೂರ್ನಾಲ್ಕು ವಾರ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ರಾಗ.

ನಾನು ಹೋದಾಗ ಬೆಳಿಗ್ಗೆ 7ಕ್ಕೆ ಅಳೆದೆ: ವ್ಯತ್ಯಾಸ 12 ಡಿಗ್ರಿ. ಅದ್ಭುತ. ಮಧ್ಯಾಹ್ನ 4ಕ್ಕೆ ಅಳೆದೆ: 6. ಅದೇ ಯಂತ್ರ, ಅದೇ ಗ್ಯಾಸ್. ಗ್ಯಾಸ್ ಕಡಿಮೆ ಇರೋ ಎಸಿ ಬೆಳಿಗ್ಗೆ ಕೂಡ ಕುಂಟಬೇಕು. ಬೆಳಿಗ್ಗೆ ಶೂರ, ಮಧ್ಯಾಹ್ನ ಸುಸ್ತು ಅಂದ್ರೆ ಬೇರೆ ಕಡೆ ನೋಡಬೇಕು ಅಂತ ಮಾಳಿಗೆ ಹತ್ತಿದೆ.

ಹೊರಗಿನ ಯೂನಿಟ್ ಪ್ಯಾರಪೆಟ್ ಗೋಡೆಯ ಮೂಲೆಯಲ್ಲಿತ್ತು. ಬಿಸಿಲು ಬೀಳದಿರಲಿ ಅಂತ ಮೇಲೆ ಶೀಟು, ಮಂಗ ಬರದಿರಲಿ ಅಂತ ಮುಂದೆ ಒತ್ತೊತ್ತಾಗಿ ಪಟ್ಟಿ ಇರೋ ಗ್ರಿಲ್. ಒಳ್ಳೆ ಉದ್ದೇಶವೇ. ಆದರೆ ಮುಂದಿನ ಫ್ಯಾನಿನಿಂದ ಹೊರಬಂದ ಬಿಸಿ ಗಾಳಿ ಆ ಗ್ರಿಲ್‌ಗೆ ಬಡಿದು, ಪಕ್ಕದಿಂದ ಸುತ್ತಿ, ಮತ್ತೆ ಹಿಂದಿನಿಂದ ಅದೇ ಯೂನಿಟ್ಟಿನೊಳಗೆ ಹೋಗ್ತಿತ್ತು. ಊರಿನ ಗಾಳಿ 42 ಡಿಗ್ರಿ. ಯೂನಿಟ್ ಹಿಂದೆ ಥರ್ಮಾಮೀಟರ್ ಹಿಡಿದರೆ 52. ಪಾಪದ ಯಂತ್ರ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ತಿತ್ತು. ಹಿಂದಿನ ತೆಳ್ಳನೆ ಅಲ್ಯೂಮಿನಿಯಂ ರೆಕ್ಕೆಗಳ ಮಧ್ಯೆ ಧೂಳು ಕಂಬಳಿ ಥರ ಕೂತಿತ್ತು. ಹೀಗಾದಾಗ ಒಳಗಿನ ಪ್ರೆಷರ್ ಏರುತ್ತೆ, ಇನ್ವರ್ಟರ್ ಬೋರ್ಡು ತನ್ನ ಜೀವ ಉಳಿಸಿಕೊಳ್ಳೋಕೆ ಕಂಪ್ರೆಸರ್ ವೇಗ ಇಳಿಸುತ್ತೆ. ರೂಮಿನಲ್ಲಿ ಕೂತವರಿಗೆ ಕಾಣೋದು ಗಾಳಿ ಬರ್ತಿದೆ, ತಂಪಿಲ್ಲ ಅನ್ನೋದಷ್ಟೇ.

ಹಾಗಾದ್ರೆ ಪ್ರತಿ ಸಲ ಗ್ಯಾಸ್ ಹಾಕಿದ ಮೇಲೆ ಒಂದು ತಿಂಗಳು ಸರಿ ಆಗ್ತಿತ್ತಲ್ಲ, ಅದು ಹೇಗೆ? ದೊಡ್ಡಮ್ಮನನ್ನೇ ಕೇಳಿದೆ, ಬಂದವರು ಏನೇನು ಮಾಡ್ತಾರೆ ಅಂತ. "ಮೊದಲು ಪೈಪ್ ಹಿಡಿದು ನೀರು ಹೊಡೆದು ತೊಳೀತಾರಪ್ಪ, ಆಮೇಲೆ ಸಿಲಿಂಡರ್ ಹಚ್ತಾರ." ಅಲ್ಲಿಗೆ ಬಂತು ನೋಡಿ. ಗುಣ ಆಗ್ತಿದ್ದದ್ದು ನೀರಿನಿಂದ, ದುಡ್ಡು ಹೋಗ್ತಿದ್ದದ್ದು ಗ್ಯಾಸಿಗೆ. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಫಲ ಬಂತು ಅಂತ ಯಾರಿಗೂ ಗೊತ್ತಾಗಲ್ಲ. ಮೆಕ್ಯಾನಿಕ್‌ಗೂ ಗೊತ್ತಿರಲಿಕ್ಕಿಲ್ಲ, ಆ ಮನುಷ್ಯ ಮೋಸಗಾರ ಅಂತ ನಾನೇನೂ ಹೇಳಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಗ್ರಿಲ್ ತೆಗೆಸಿ, ಯೂನಿಟ್ ತೊಳೆಸಿದ ಮೇಲೂ ಮಧ್ಯಾಹ್ನದ ವ್ಯತ್ಯಾಸ 8ಕ್ಕೆ ನಿಂತಿತ್ತು. ಪರವಾಗಿಲ್ಲ, ಆದ್ರೆ ಯಂತ್ರ ಇನ್ನೂ ಏದುಸಿರು ಬಿಡ್ತಿತ್ತು. ಗ್ಯಾಸನ್ನು ಹೊರತೆಗೆದು ತೂಕ ಮಾಡೋ ರಿಕವರಿ ಮಷಿನ್ ಇರೋರನ್ನ ಹುಡುಕೋಕೆ ಎರಡು ದಿನ ಆಯ್ತು. ಹೊರಗಿನ ಯೂನಿಟ್ಟಿನ ಪಕ್ಕದ ಸ್ಟಿಕರ್ ಮೇಲೆ ಬರೆದಿತ್ತು: ಆರ್32, 0.80 ಕೆಜಿ. ಒಳಗಿಂದ ಬಂದದ್ದು ಸುಮಾರು ಒಂದು ಕೆಜಿ. ಅಂದ್ರೆ ಗ್ಯಾಸ್ ಕಡಿಮೆ ಇರಲಿಲ್ಲ, ಕಾಲು ಭಾಗ ಜಾಸ್ತಿ ಇತ್ತು. ಜಾಸ್ತಿ ಗ್ಯಾಸ್ ಅಂದ್ರೆ ಸುಡು ಬಿಸಿಲಲ್ಲಿ ಇನ್ನೂ ಜಾಸ್ತಿ ಪ್ರೆಷರ್, ಇನ್ನೂ ಕಡಿಮೆ ತಂಪು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ 7,500 ರೂಪಾಯಿ ಕೊಟ್ಟು 200 ಗ್ರಾಂ ತೊಂದರೆ ಕೊಂಡಿದ್ದು. ಸ್ಟಿಕರ್ ಪ್ರಕಾರ ತೂಕ ಹಾಕಿ ತುಂಬಿದ ಮೇಲೆ ಮಧ್ಯಾಹ್ನ 4ಕ್ಕೆ 10 ಡಿಗ್ರಿ ಬಂತು.

ಇದರಿಂದ ಗ್ಯಾಸ್ ಯಾವತ್ತೂ ಕಾರಣ ಅಲ್ಲ ಅಂದ್ಕೋಬೇಡಿ. ಲೀಕ್ ಆಗೋದು ನಿಜ. ಇನ್‌ಸ್ಟಾಲ್ ಮಾಡುವಾಗ ಪೈಪಿನ ತುದಿ ಅಗಲಿಸಿ ನಟ್ ಬಿಗಿಯೋ ಜಾಗ ಇದೆಯಲ್ಲ, ಲೀಕ್ ಹೆಚ್ಚಾಗಿ ಅಲ್ಲೇ. ಅಲ್ಲಿ ಎಣ್ಣೆ ಜಿಡ್ಡು ಕಂಡರೆ ಅನುಮಾನ ಪಡಿ. ಒಳಗಿನ ಕಾಯಿಲ್ ತುಕ್ಕು ತಿಂದು ತೂತಾಗೋದೂ ಇದೆ. ಹೊರಗಿನ ಯೂನಿಟ್ ಹತ್ತಿರ ಪೈಪ್ ಮೇಲೆ ಹಿಮ ಕಟ್ಟಿದ್ದರೆ ಎರಡು ಕಾರಣ ಇರಬಹುದು: ಗ್ಯಾಸ್ ಕಡಿಮೆ, ಅಥವಾ ಒಳಗಡೆ ಗಾಳಿ ಓಡಾಟ ಕಡಿಮೆ. ಎರಡನೆಯದು ಪುಕ್ಕಟೆ ರಿಪೇರಿ. ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆಯಿರಿ, ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ. ಹಿಮ ಕಟ್ಟಿದ್ದರೆ ಕೂಲ್ ಬಿಟ್ಟು ಫ್ಯಾನ್ ಮೋಡಿನಲ್ಲಿ ಕೆಲವು ಗಂಟೆ ಓಡಿಸಿ ಕರಗಿಸಿ, ಆಮೇಲೆ ಮತ್ತೆ ಅಳೆಯಿರಿ. ಫಿಲ್ಟರ್ ಕ್ಲೀನ್ ಇದ್ದೂ ಬ್ಲೋವರಿನ ರೆಕ್ಕೆಗಳಲ್ಲಿ ಕಪ್ಪು ಕೊಳೆ ಕೂತಿದ್ರೆ ಸರ್ವಿಸ್‌ನವರೇ ಬರಬೇಕು.

ರಿಮೋಟ್ ನೋಡಿದ್ರಾ? ನಗಬೇಡಿ. ಈಚಿನ ಎಸಿಗಳಲ್ಲಿ 'ಕನ್ವರ್ಟಿಬಲ್' ಅಂತ ಒಂದು ಬಟನ್ ಬಂದಿದೆ. ಅದನ್ನ ಒತ್ತಿದರೆ ಒಂದೂವರೆ ಟನ್ ಎಸಿ 80 ಪರ್ಸೆಂಟ್, 60 ಪರ್ಸೆಂಟ್, 40 ಪರ್ಸೆಂಟ್ ಸಾಮರ್ಥ್ಯಕ್ಕೆ ಇಳಿಯುತ್ತೆ. ಡಿಸೆಂಬರಿನಲ್ಲಿ ಕರೆಂಟ್ ಉಳಿಸೋಕೆ ಯಾರೋ ಒತ್ತಿರ್ತಾರೆ, ಏಪ್ರಿಲ್‌ನಲ್ಲಿ ಎಲ್ಲರೂ ಮರೆತಿರ್ತಾರೆ. ಇಕೋ ಮೋಡ್ ಕೂಡ ಹೀಗೇ. ಬಳ್ಳಾರಿಯ ಒಬ್ಬ ಕೇಳುಗರು ಸರ್ವಿಸ್ ಬುಕ್ ಮಾಡಿ, ವಿಸಿಟಿಂಗ್ ಚಾರ್ಜ್ ಕೊಟ್ಟ ಮೇಲೆ ಗೊತ್ತಾಗಿದ್ದು ಇದು.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ಬೇಸಿಗೆ ಸಂಜೆ ಬೀದಿಯೆಲ್ಲ ಎಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತೆ. ಸಂಜೆ 7ರಿಂದ 11ರವರೆಗೆ ಮಾತ್ರ ಎಸಿ ಕುಂಟಿ, ನಡುರಾತ್ರಿ ತಾನೇ ಸರಿಹೋದರೆ ಸ್ಟೆಬಿಲೈಜರಿನ ಡಿಸ್‌ಪ್ಲೇ ಮೇಲೆ ಕಣ್ಣಿಡಿ. ಪ್ಲಗ್ ಮುಟ್ಟಿದರೆ ಬಿಸಿ, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದೆ ಅಂದ್ರೆ ತಂಪಿನ ಮಾತು ಬಿಡಿ, ಮೊದಲು ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಹಳೇ ನಾನ್-ಇನ್ವರ್ಟರ್ ಎಸಿಗಳಲ್ಲಿ ಹೊರಗಿನ ಯೂನಿಟ್ ಗುಂಯ್ ಅಂತ ಶಬ್ದ ಮಾಡಿ ಫ್ಯಾನ್ ತಿರುಗದಿದ್ರೆ ಕೆಪಾಸಿಟರ್ ಹೋಗಿರೋ ಸಾಧ್ಯತೆ ಹೆಚ್ಚು. ಅಗ್ಗದ ಬಿಡಿಭಾಗ, ಆದರೆ ಆಫ್ ಮಾಡಿದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತೆ. ಯೂಟ್ಯೂಬ್ ನೋಡಿ ಕೈ ಹಾಕಬೇಡಿ.

ಹೊರಗಿನ ಯೂನಿಟ್ ನೀವೇ ತೊಳೀಬಹುದಾ? ಮಾಳಿಗೆ ಮೇಲೆ, ನೆಲದ ಮೇಲೆ ನಿಂತು ಕೈಗೆ ಸಿಗೋ ಹಾಗಿದ್ರೆ, ಎಂಸಿಬಿ ಆಫ್ ಮಾಡಿ, ಸಾಧಾರಣ ಪೈಪಿನ ನೀರಿನಲ್ಲಿ ತೊಳೀಬಹುದು. ಬೈಕ್ ವಾಶ್‌ನ ಪ್ರೆಷರ್ ಗನ್ ಬೇಡ, ಆ ರೆಕ್ಕೆಗಳು ಕಾಗದದಷ್ಟು ಮೃದು, ಮಡಚಿಕೊಂಡರೆ ಗಾಳಿಯೇ ಹೋಗಲ್ಲ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಕಿಟಕಿಯಾಚೆ ನೇತಾಡ್ತಿದ್ರೆ ದಯವಿಟ್ಟು ಬಗ್ಗಬೇಡಿ. ಅದು ಸೇಫ್ಟಿ ಬೆಲ್ಟ್ ಇರೋರ ಕೆಲಸ.

ಮಧ್ಯಾಹ್ನ ಯೂನಿಟ್ ಮೇಲೆ ನೀರು ಚಿಮುಕಿಸ್ತೀವಿ, ಆಗ ತಂಪು ಬರುತ್ತೆ ಅಂತ ಹಲವರು ಹೇಳಿದ್ದಾರೆ. ಬರುತ್ತೆ. ಹೊರಗಿನ ಯೂನಿಟ್ ಉಸಿರುಗಟ್ಟಿದೆ ಅನ್ನೋಕೆ ಅದೊಂದು ಸಾಕ್ಷಿ ಅಂತ ಇಟ್ಕೊಳ್ಳಿ. ದಿನಾ ಮಾಡೋ ಚಿಕಿತ್ಸೆ ಮಾಡ್ಕೋಬೇಡಿ. ನಮ್ಮ ಬೋರ್‌ವೆಲ್ ನೀರಿನ ಗಡಸು ಗೊತ್ತಲ್ಲ, ಗೀಸರ್ ಕಾಯಿಲ್ ಮೇಲೆ ಕಟ್ಟೋ ಬಿಳಿ ಪದರ ಆ ರೆಕ್ಕೆಗಳ ಮೇಲೂ ಕಟ್ಟುತ್ತೆ. ಎರಡನೇ ಬೇಸಿಗೆಗೆ ಇದ್ದ ತಂಪೂ ಹೋಗುತ್ತೆ. ನೆರಳು ಬೇಕಿದ್ರೆ ಮೇಲ್ಗಡೆ ಎತ್ತರದಲ್ಲಿ ಇರಲಿ, ಹಸಿರು ನೆಟ್ ಸುತ್ತಬೇಡಿ.

ಎಲ್ಲ ಸರಿ ಇದೆ, ವ್ಯತ್ಯಾಸ 10 ಡಿಗ್ರಿ ಇದೆ, ಆದರೂ ರೂಮು 30ರ ಕೆಳಗೆ ಇಳೀತಿಲ್ಲ ಅಂದ್ರೆ? ಆಗ ಎಸಿ ತಪ್ಪಿಲ್ಲ, ಒಳಗೆ ಬರ್ತಿರೋ ಬಿಸಿ ಜಾಸ್ತಿ. ಸ್ಟಿಕರ್ ಮೇಲಿನ 5.2 ಕಿಲೋವ್ಯಾಟ್ ಅನ್ನೋ ಸಂಖ್ಯೆಯನ್ನು ಅಳೆಯೋದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು. 43ರಲ್ಲಿ ಅಷ್ಟು ಬರಲ್ಲ. ಅಂದ್ರೆ ಬೇಸಿಗೆಯ ತುತ್ತತುದಿಯಲ್ಲಿ, ಬಿಸಿ ಜಾಸ್ತಿ ಆದಾಗಲೇ ಯಂತ್ರದ ಶಕ್ತಿ ಕಡಿಮೆ ಆಗುತ್ತೆ. ಅಂಗಡಿಯಲ್ಲಿ ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ.

ಮೇಲಿನ ಮಹಡಿಯ ಕಾಂಕ್ರೀಟ್ ಸ್ಲ್ಯಾಬ್ ಇಡೀ ದಿನ ಬಿಸಿಲು ಕುಡಿದು ಸಂಜೆಯಿಂದ ಒಳಗೆ ಕಕ್ಕುತ್ತೆ. ದೊಡ್ಡಮ್ಮನ ಮನೆಯಲ್ಲಿ ರಾತ್ರಿ 10ಕ್ಕೆ ಸ್ಟೂಲ್ ಹತ್ತಿ ಕೈ ಮುಟ್ಟಿಸಿದ್ರೆ ಇಸ್ತ್ರಿ ಮಾಡಿದ ಬಟ್ಟೆ ಥರ ಬೆಚ್ಚಗಿತ್ತು. ಮಾಳಿಗೆಗೆ ಬಿಳಿ ಸುಣ್ಣ ಬಳಿಸಿದ್ವಿ, ಅಲ್ಲಿ ಹಳಬರು ಹಿಂದಿನಿಂದ ಮಾಡ್ಕೊಂಡು ಬಂದಿರೋದೇ. ಪಶ್ಚಿಮದ ಕಿಟಕಿಗೆ ಒಳಗೆ ಪರದೆ ಹಾಕೋ ಬದಲು ಹೊರಗೆ ಬಿದಿರಿನ ತಟ್ಟಿ. ಗಾಜು ದಾಟಿ ಒಳಗೆ ಬಂದ ಬಿಸಿಲು ಬಂದ ಹಾಗೇ, ಪರದೆ ಅದನ್ನ ವಾಪಸ್ ಕಳಿಸೋದು ಸ್ವಲ್ಪವೇ. ಬೆಡ್‌ರೂಮಿನಲ್ಲಿದ್ದ ಫ್ರಿಜ್ಜು ಹಾಲ್‌ಗೆ ಹೋಯ್ತು. ಸೀಲಿಂಗ್ ಫ್ಯಾನ್ ನಿಧಾನಕ್ಕೆ ಓಡಿಸಿದರೆ 26ರಲ್ಲೂ ಹಾಯಾಗಿರುತ್ತೆ.

ಬಿಲ್ಲಿನ ಲೆಕ್ಕವೂ ಕೇಳಿ, ನನ್ನ ಸಬ್ಜೆಕ್ಟ್ ಇದು. ತಂಪಾಗದ ಎಸಿ ಕಂಪ್ರೆಸರ್ ನಿಧಾನ ಮಾಡದೆ ಪೂರ್ತಿ ಓಡಿದ್ರೆ ಗಂಟೆಗೆ ಒಂದೂವರೆ ಯೂನಿಟ್ ಹಿಡಿಯಿರಿ. ರಾತ್ರಿ 8 ಗಂಟೆಗೆ 12 ಯೂನಿಟ್, ತಿಂಗಳಿಗೆ 360. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಅದೇ ಎಸಿ ಒಂದೆರಡು ಗಂಟೆಯಲ್ಲಿ ರೂಮು ತಣ್ಣಗೆ ಮಾಡಿ ಆಮೇಲೆ ಮೆಲ್ಲಗೆ ಓಡಿದರೆ ಇದರ ಅರ್ಧವೂ ಆಗಲಿಕ್ಕಿಲ್ಲ. ಹಾಗಾಗಿ ರೋಗಿಷ್ಠ ಎಸಿಗೆ ನೀವು ಎರಡು ಸಲ ದುಡ್ಡು ಕಟ್ತೀರಿ, ಒಮ್ಮೆ ಮೆಕ್ಯಾನಿಕ್‌ಗೆ, ತಿಂಗಳು ತಿಂಗಳು ಜೆಸ್ಕಾಂಗೋ ಬೆಸ್ಕಾಂಗೋ.

ಕೊನೆಗೆ, ಅಳತೆ ಮಾಡಿದ ಮೇಲೂ ಲೀಕ್ ಅಂತಲೇ ಅನುಮಾನ ಬಂದ್ರೆ ಮೆಕ್ಯಾನಿಕ್‌ಗೆ ಫೋನಿನಲ್ಲೇ ಕೇಳಿ: ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ಲೀಕ್ ಹುಡುಕ್ತೀರಾ? ರಿಪೇರಿ ಆದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕ್ತೀರಾ? ಗ್ಯಾಸನ್ನು ತೂಕದ ಮಷಿನ್ ಮೇಲಿಟ್ಟು ತುಂಬ್ತೀರಾ? ಮೂರಕ್ಕೂ ಹೂಂ ಅಂದ್ರೆ ಬರಲಿ, ಸ್ವಲ್ಪ ಜಾಸ್ತಿ ಕೇಳಿದ್ರೂ ಕೊಡಿ. "ಪೈಪ್ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ ಸರ್" ಅಂದ್ರೆ ಬೇರೆಯವರನ್ನ ಹುಡುಕಿ. ಹೊಸ ಎಸಿಗಳಲ್ಲಿ ಬಹುಪಾಲು ಇರೋ ಆರ್32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯೋ ಗ್ಯಾಸ್, ಮುಚ್ಚಿದ ರೂಮಿನಲ್ಲಿ ಅದನ್ನ ಬಿಟ್ಟು ಪಕ್ಕದಲ್ಲೇ ವೆಲ್ಡಿಂಗ್ ಟಾರ್ಚ್ ಹಚ್ಚೋರನ್ನ ಅಲ್ಲೇ ನಿಲ್ಲಿಸಿ. ಕೆಲಸ ಮುಗಿದ ಮೇಲೆ ರಸೀದಿಯಲ್ಲಿ ಮೂರು ವಿಷಯ ಬರೆಸ್ಕೊಳ್ಳಿ: ಲೀಕ್ ಎಲ್ಲಿತ್ತು, ಯಾವ ಗ್ಯಾಸ್, ಎಷ್ಟು ಗ್ರಾಂ. ಅದರ ಫೋಟೋ, ಸ್ಟಿಕರ್ ಫೋಟೋ, ನಿಮ್ಮ ಬೆಳಿಗ್ಗೆ-ಮಧ್ಯಾಹ್ನದ ಅಳತೆ, ಎಲ್ಲ ಫೋನಿನಲ್ಲಿ ಒಂದೇ ಫೋಲ್ಡರಿನಲ್ಲಿರಲಿ. ಮುಂದಿನ ಏಪ್ರಿಲ್‌ನಲ್ಲಿ ಯಾರಾದ್ರೂ "ಗ್ಯಾಸ್ ಹೋಗಿದೆ" ಅಂದಾಗ ತೆಗೆದು ತೋರಿಸೋಕೆ ಬೇಕಾಗುತ್ತೆ.